ಮಳೆಯಲ್ಲಿ ನಿಂತ ಚಾಂಪಿಯನ್

ಬಹರೇನಿನಲ್ಲಿ ಹುಲ್ಲು ಎಂಬುದು ದುಬಾರಿ ವಸ್ತು. ಈ ದ್ವೀಪದಲ್ಲಿ ಎಲ್ಲಿಯಾದರೂ ಒಂದು ಚಾಪೆಯಗಲ ಹಸಿರು ಕಂಡರೆ, ಅದರ ಹಿಂದೆ ಕೊಳವೆಯ ನೀರು, ಕೂಲಿಯವರ ಬೆವರು, ಯಾರದೋ ಹಣ ಇದ್ದೇ ಇರುತ್ತದೆ. 1932ರಲ್ಲಿ ಇಲ್ಲಿ ತೈಲ ಸಿಕ್ಕ ಮೇಲೆ ಅವಾಲಿ ಎಂಬ ಕಂಪನಿ ಊರು ಹುಟ್ಟಿತು. ಅಲ್ಲಿಗೆ ಬಂದ ಪಶ್ಚಿಮದ ಎಂಜಿನಿಯರುಗಳು ಗಾಲ್ಫ್ ಬಿಟ್ಟಿರಲಾರದೆ ಮರಳುಗಾಡಿನಲ್ಲೇ ಆಟದ ಬಯಲು ಮಾಡಿಕೊಂಡರು. ಹುಲ್ಲಿನ ‘ಗ್ರೀನ್’ ಇರಬೇಕಾದ ಜಾಗದಲ್ಲಿ ಎಣ್ಣೆ ಬೆರೆಸಿ ಗಟ್ಟಿಮಾಡಿದ ಮರಳು. ಆದ್ದರಿಂದ ಅದರ ಹೆಸರು ‘ಬ್ರೌನ್’. ಇಂದು ರಿಫಾದ ರಾಯಲ್ ಗಾಲ್ಫ್ ಕ್ಲಬ್ಬಿನಲ್ಲಿ ಹಸಿರು ಕಣ್ಣು ಕೋರೈಸುವಷ್ಟಿದೆ. ಆ ಬಯಲನ್ನು ವಿನ್ಯಾಸಗೊಳಿಸಿದವರು ಸ್ಕಾಟ್ಲೆಂಡಿನ ಪ್ರಸಿದ್ಧ ಆಟಗಾರ ಕಾಲಿನ್ ಮಾಂಟ್ಗಮರಿ. 2024ರ ಫೆಬ್ರುವರಿಯಲ್ಲಿ ಅಲ್ಲಿ ಯುರೋಪಿನ ವೃತ್ತಿಪರ ಸರಣಿಯ ಬಹರೇನ್ ಚಾಂಪಿಯನ್‌ಷಿಪ್ ನಡೆದಾಗ ಗೆದ್ದವರು ದಕ್ಷಿಣ ಆಫ್ರಿಕದ ಡಿಲನ್ ಫ್ರಿಟೆಲಿ.

ಕೊನೆಯ ದಿನ ಹದಿನೆಂಟನೆಯ ಕುಳಿಯ ಸುತ್ತ ನಿಂತವರಲ್ಲಿ ನಾನೂ ಒಬ್ಬನಾಗಿದ್ದೆ. ಕ್ರಿಕೆಟ್ಟಿನಲ್ಲಿ ಬೆಳೆದ ನಮಗೆ ಗಾಲ್ಫಿನ ಅಭಿಮಾನಿಗಳು ಒಂದು ವಿಚಿತ್ರ ಸಮುದಾಯದಂತೆ ತೋರುತ್ತಾರೆ. ಆಟಗಾರ ಕೋಲು ಹಿಡಿದು ಚೆಂಡಿನ ಮೇಲೆ ಬಾಗಿದರೆ ಕೆಮ್ಮನ್ನೂ ತಡೆದುಕೊಳ್ಳುತ್ತಾರೆ. ಚೆಂಡು ಕುಳಿಗೆ ಇಳಿದ ಮರುಕ್ಷಣ, ಅಷ್ಟು ಹೊತ್ತು ಕಟ್ಟಿಟ್ಟಿದ್ದೆಲ್ಲ ಒಮ್ಮೆಲೇ ಹೊರಬೀಳುತ್ತದೆ. ಆ ಸಂಜೆ ಬಹರೇನಿಗರು, ಇಂಗ್ಲಿಷರು, ಫಿಲಿಪೀನಿನವರು, ನಮ್ಮ ದೇಶದವರು, ಎಲ್ಲರೂ ಒಂದೇ ಹಗ್ಗದ ಹಿಂದೆ ನಿಂತು ಚಪ್ಪಾಳೆ ತಟ್ಟಿದೆವು. ನನ್ನ ಪಕ್ಕದಲ್ಲಿದ್ದ ಸಹೋದ್ಯೋಗಿಯೊಬ್ಬರು ಮಾತ್ರ ಸುಮ್ಮನಿದ್ದರು. ಅವರು ಡರ್ಬನ್ನಿನಲ್ಲಿ ಹುಟ್ಟಿದವರು, ಮೂಲ ಭಾರತೀಯರು. ಗೆದ್ದವನು ತಮ್ಮ ದೇಶದವನೆಂಬ ಸಂತೋಷದ ನಡುವೆಯೂ ಅವರಿಗೆ ನೆನಪಾಗಿದ್ದು ಬೇರೊಬ್ಬ ಆಟಗಾರ. ಅಂದು ಅವರಿಂದ ಕೇಳಿದ ಆ ಹೆಸರಿನ ಬೆನ್ನುಹತ್ತಿ ನಾನು ತಿಳಿದುಕೊಂಡ ಬದುಕನ್ನು ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳನ್ನು ಹೊರನಾಡಿಗೆ ಕಳುಹಿಸಿರುವ ಬಂಧುಗಳೂ ಹೊರಡಲು ಸಿದ್ಧರಾಗಿರುವ ಕಿರಿಯರೂ ಓದಬೇಕಾದ ಕಥೆಯಿದು ಎಂದು ನನಗೆ ತೋರಿದೆ.

ಅವರ ಹೆಸರು ಪಾಪ್ವಾ ಸ್ಯೂಗೋಲಂ. ಪಾಪ್ವಾ ಎಂಬುದು ಅಡ್ಡಹೆಸರು. ದಾಖಲೆಯಲ್ಲಿರುವುದು ಸ್ಯೂಸಂಕರ್. ಬಾಯಿಬಿಟ್ಟು ಹೇಳಿ ನೋಡಿದರೆ ಅದು ನಮ್ಮ ಶಿವಶಂಕರನೇ. ಯಾವುದೋ ಬಂದರಿನ ಗುಮಾಸ್ತೆ ತನ್ನ ಕಿವಿಗೆ ಬಿದ್ದಂತೆ ಬರೆದುಕೊಂಡ ಹೆಸರುಗಳು ವಲಸಿಗರ ವಂಶದಲ್ಲಿ ಹಾಗೆಯೇ ನಿಂತುಬಿಡುತ್ತವೆ. ಬಹರೇನಿನ ನಮ್ಮ ಗುರುತಿನ ಚೀಟಿಗಳಲ್ಲಿ ಊರಿನ ಹೆಸರು ಮನೆತನದ ಹೆಸರಾಗಿ, ತಂದೆಯ ಹೆಸರು ನಮ್ಮದೇ ಹೆಸರಾಗಿ ಕುಳಿತಿರುವುದನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಶಿವಶಂಕರನು ಸ್ಯೂಸಂಕರ್ ಆದ ಹಾದಿ ಆರಂಭವಾಗುವುದು 1860ರಲ್ಲಿ. ಆ ವರ್ಷದ ನವೆಂಬರಿನಲ್ಲಿ ‘ಟ್ರೂರೊ’ ಎಂಬ ಹಡಗು ಮದರಾಸಿನಿಂದ ಹೊರಟು ಡರ್ಬನ್ ತಲುಪಿ, ನೇಟಾಲ್ ಪ್ರಾಂತಕ್ಕೆ ಮೊದಲ ಭಾರತೀಯ ಜೀತಗಾರರನ್ನು ಇಳಿಸಿತು. ಕಬ್ಬಿನ ತೋಟಗಳಲ್ಲಿ ಐದು ವರ್ಷದ ಕರಾರು. ಓದಲು ಬಾರದವರು ಹೆಬ್ಬೆಟ್ಟೊತ್ತಿ ಒಪ್ಪಿಕೊಂಡ ಕರಾರು. 1911ರ ತನಕ ಹೀಗೆ ಹೋದವರು ಒಂದೂವರೆ ಲಕ್ಷಕ್ಕೂ ಮಿಕ್ಕಿ. ಕರಾರು ಮುಗಿದ ಬಳಿಕ ಹಲವರು ಅಲ್ಲಿಯೇ ನೆಲೆನಿಂತು ತರಕಾರಿ ಬೆಳೆದರು, ಮೀನು ಹಿಡಿದರು, ಅಂಗಡಿ ಇಟ್ಟರು. ಗಾಂಧೀಜಿಯವರನ್ನು 1893ರಲ್ಲಿ ಮೊದಲ ದರ್ಜೆಯ ಟಿಕೆಟ್ ಇದ್ದರೂ ರೈಲಿನಿಂದ ಹೊರದಬ್ಬಿದ್ದು ಇದೇ ನೇಟಾಲಿನ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ. ಆ ಘಟನೆಯಾದ ಎಪ್ಪತ್ತು ವರ್ಷಗಳ ಅನಂತರ, ಅದೇ ಪ್ರಾಂತದಲ್ಲಿ, ಕಪ್ ಗೆದ್ದ ಭಾರತೀಯನೊಬ್ಬ ಬಾಗಿಲ ಹೊರಗೆ ನಿಂತ. ನಾನು ಹೇಳಹೊರಟಿರುವುದು ಆ ಕಥೆಯನ್ನೇ.

ಪಾಪ್ವಾ 1930ರ ಆಸುಪಾಸಿನಲ್ಲಿ ಡರ್ಬನ್ನಿನ ಬಡ ಕುಟುಂಬವೊಂದರಲ್ಲಿ ಹುಟ್ಟಿದರು. ಶಾಲೆಯ ಮೆಟ್ಟಿಲು ಹತ್ತುವ ಅನುಕೂಲವಿರಲಿಲ್ಲ; ಓದುಬರಹ ಅವರಿಗೆ ಕೊನೆಯವರೆಗೂ ದಕ್ಕಲಿಲ್ಲ. ಮರದ ಕೊಂಬೆಯನ್ನು ಕೆತ್ತಿ ಗಾಲ್ಫಿನ ಕೋಲು ಮಾಡಿಕೊಂಡು ಆಡುತ್ತಿದ್ದ ಹುಡುಗನೆಂದು ಅವರ ಬಾಲ್ಯವನ್ನು ಡರ್ಬನ್ನಿನ ಹಿರಿಯರು ನೆನೆಯುವುದುಂಟು. ಮುಂದೆ ಬೀಚ್‌ವುಡ್ ಕ್ಲಬ್ಬಿನಲ್ಲಿ ಕ್ಯಾಡಿಯ ಕೆಲಸ ಸಿಕ್ಕಿತು. ಗಾಲ್ಫ್ ಬಲ್ಲವರಿಗೆ ಕ್ಯಾಡಿ ಎಂದರೆ ಗೊತ್ತು. ತಿಳಿಯದವರಿಗಾಗಿ ಒಂದು ಮಾತು. ಆಟಗಾರನ ಕೋಲುಗಳ ಚೀಲವನ್ನು ಹೆಗಲಿಗೇರಿಸಿಕೊಂಡು ಆರೇಳು ಕಿಲೋಮೀಟರ್ ನಡೆಯುವ, ಗಾಳಿಯನ್ನೂ ಇಳಿಜಾರನ್ನೂ ಓದಿ ಹೇಳುವ ಸಹಾಯಕನೇ ಕ್ಯಾಡಿ. ಆ ಬಯಲಿನ ಒಂದೊಂದು ಉಬ್ಬುತಗ್ಗನ್ನೂ ಅವನು ಬಲ್ಲ. ಆದರೆ ಅಲ್ಲಿ ಆಡುವ ಹಕ್ಕು ಅವನದಲ್ಲ. ನಮ್ಮ ಬೆಂಗಳೂರಿನ ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಲ್ಲಿ. ನಮ್ಮಲ್ಲಿಯೂ ಈ ಚೀಲ ಹೊರುವ ಹುಡುಗರ ಒಂದು ಪರಂಪರೆಯೇ ಇದೆ. ಹಾಗೆ ಚೀಲ ಹೊತ್ತು ಬೆಳೆದ ಬೆಂಗಳೂರಿನ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದಾಗ ನಾವೆಲ್ಲ ಹೆಮ್ಮೆಪಟ್ಟೆವು. ಪಾಪ್ವಾ ಅದೇ ಜಾತಿಯ ಆಟಗಾರ, ಆದರೆ ಬಹಳ ಕಠಿಣವಾದ ಕಾಲದವರು.

ಅವರ ಹಿಡಿತವೇ ಒಂದು ವಿಸ್ಮಯ. ಬಲಗೈ ಆಟಗಾರರು ಕೋಲು ಹಿಡಿಯುವಾಗ ಎಡಗೈ ಮೇಲೆ, ಬಲಗೈ ಕೆಳಗೆ. ಕ್ರಿಕೆಟ್ ಬ್ಯಾಟ್ ಹಿಡಿದಂತೆಯೇ. ಪಾಪ್ವಾ ಅದಕ್ಕೆ ವಿರುದ್ಧವಾಗಿ ಬಲಗೈಯನ್ನು ಮೇಲಿಟ್ಟು ಎಡಗೈಯನ್ನು ಕೆಳಗಿಡುತ್ತಿದ್ದರು. ತಿದ್ದುವ ಗುರು ಯಾರೂ ಇರಲಿಲ್ಲವಾದ್ದರಿಂದ ಆ ಹಿಡಿತವೇ ಉಳಿಯಿತು. ನೋಡುವವರಿಗೆ ಕೈ ತೊಡರಿಕೊಂಡಂತೆ ಕಂಡರೂ ಅದರಿಂದ ಹೊರಟ ಚೆಂಡು ಮಾತ್ರ ನೇರವಾಗಿ ಗುರಿಯತ್ತ ಸಾಗುತ್ತಿತ್ತು. ಅವರ ಹಿಡಿತಕ್ಕೆ ಅವರ ಹೆಸರೇ ಅಂಟಿಕೊಂಡಿತು.

ದಕ್ಷಿಣ ಆಫ್ರಿಕದಲ್ಲಿ 1948ರಿಂದ ವರ್ಣಭೇದವೇ ಸರ್ಕಾರದ ನೀತಿಯಾಗಿತ್ತು. 1950ರ ಗ್ರೂಪ್ ಏರಿಯಾಸ್ ಕಾಯ್ದೆ ಯಾವ ಬಣ್ಣದವರು ಎಲ್ಲಿ ವಾಸಿಸಬೇಕು, ಎಲ್ಲಿ ವ್ಯಾಪಾರ ಮಾಡಬೇಕು ಎಂಬುದನ್ನು ಗೆರೆ ಎಳೆದು ನಿರ್ಧರಿಸಿತು. ಬಿಳಿಯರಲ್ಲದವರಿಗೆ ಬೇರೆಯೇ ಪಂದ್ಯಗಳಿದ್ದವು. ಅವುಗಳಲ್ಲಿ ಪಾಪ್ವಾ ಗೆಲ್ಲುತ್ತಲೇ ಹೋದರು. ಆಗ ಅವರ ಬೆಂಬಲಕ್ಕೆ ನಿಂತವರು ಗ್ರಹಾಂ ವುಲ್ಫ್ ಎಂಬ ಬಿಳಿಯ ರಸಾಯನಶಾಸ್ತ್ರಜ್ಞ. ನಮ್ಮ ಮನೆಗಳ ಕನ್ನಡಿಯ ಮುಂದೆ ಇಂದಿಗೂ ಕಾಣಸಿಗುವ ಓಲೆ ಮುಖಲೇಪವನ್ನು ಡರ್ಬನ್ನಿನಲ್ಲಿ ಕಂಡುಹಿಡಿದವರು ಇವರೇ. ತಾಯ್ನಾಡಿನಲ್ಲಿ ಬಾಗಿಲು ತೆರೆಯದಿದ್ದರೆ ಬೇರೆಡೆ ತಟ್ಟೋಣವೆಂದು ಅವರು 1959ರಲ್ಲಿ ಪಾಪ್ವಾರನ್ನು ಯುರೋಪಿಗೆ ಕರೆದೊಯ್ದರು. ಅದೇ ವರ್ಷ ಪಾಪ್ವಾ ಡಚ್ ಓಪನ್ ಗೆದ್ದರು. ಮರುವರ್ಷ ಮತ್ತೆ ಗೆದ್ದರು. 1964ರಲ್ಲಿ ಮೂರನೆಯ ಬಾರಿ ಗೆದ್ದರು. ಅಕ್ಷರ ಬಾರದ ಮನುಷ್ಯ ಭಾಷೆ ತಿಳಿಯದ ದೇಶಕ್ಕೆ ಹೋಗಿ ಗೆದ್ದುಬಂದಿದ್ದರು. ಗಾಲ್ಫಿನಲ್ಲಿ ಹೊಡೆತದ ಲೆಕ್ಕವನ್ನು ಕಾರ್ಡಿನಲ್ಲಿ ಬರೆದು ಆಟಗಾರನೇ ಸಹಿ ಹಾಕಿ ಒಪ್ಪಿಸಬೇಕು. ಅಂಕಿ ತಪ್ಪಿದರೆ ಗೆಲುವೂ ತಪ್ಪುತ್ತದೆ. ಓದು ಬಲ್ಲ ಅರ್ಜೆಂಟೀನದ ರೊಬೆರ್ಟೊ ಡಿ ವಿಸೆಂಜೊ ಅವರೇ 1968ರಲ್ಲಿ ಒಂದು ತಪ್ಪು ಅಂಕಿಗೆ ಸಹಿ ಹಾಕಿ ಮಾಸ್ಟರ್ಸ್ ಪಂದ್ಯದ ಪ್ಲೇಆಫ್ ಕಳೆದುಕೊಂಡರು. ಅಕ್ಷರವಿಲ್ಲದವನಿಗೆ ಆ ಸಣ್ಣ ಕಾಗದವೂ ಒಂದು ಕಂದಕವೇ.

ಯುರೋಪಿನಲ್ಲಿ ಗೆದ್ದವನನ್ನು ಸ್ವದೇಶದಲ್ಲಿ ಸಂಪೂರ್ಣವಾಗಿ ತಡೆದು ನಿಲ್ಲಿಸುವುದು ಆಳುವವರಿಗೂ ಮುಜುಗರದ ಸಂಗತಿಯಾಯಿತು. 1963ರ ಜನವರಿಯಲ್ಲಿ ಡರ್ಬನ್ ಕಂಟ್ರಿ ಕ್ಲಬ್ಬಿನಲ್ಲಿ ನಡೆದ ನೇಟಾಲ್ ಓಪನ್ ಪಂದ್ಯದಲ್ಲಿ ಆಡಲು ಅವರಿಗೆ ಅನುಮತಿ ದೊರೆಯಿತು. ಗಾಲ್ಫ್ ಜಗತ್ತು ಮೇಜರ್ ಎಂದು ಕರೆಯುವ ನಾಲ್ಕು ಪಂದ್ಯಗಳಲ್ಲಿ ಇದು ಸೇರುವುದಿಲ್ಲ. ಆದರೆ ಡರ್ಬನ್ನಿನ ಭಾರತೀಯರ ಪಾಲಿಗೆ ಅಂದು ಅದಕ್ಕಿಂತ ದೊಡ್ಡ ಪಂದ್ಯ ಬೇರೊಂದಿರಲಿಲ್ಲ. ಗಾಲ್ಫಿನ ಗಂಧವೇ ಇಲ್ಲದ ಮನೆಗಳಿಂದ ಜನ ಬಂದರು. ತಮ್ಮವನೊಬ್ಬ ಬಿಳಿಯರ ಬಯಲಿನ ನಡುವೆ ನಡೆಯುವುದನ್ನು ಕಣ್ಣಾರೆ ಕಾಣುವುದೇ ಅವರಿಗೆ ಮುಖ್ಯವಾಗಿತ್ತು. ನೂರರಷ್ಟು ಬಿಳಿಯ ಆಟಗಾರರ ನಡುವೆ ಪಾಪ್ವಾ ಗೆದ್ದರು.

ಅನಂತರ ನಡೆದದ್ದನ್ನು ಜಗತ್ತೇ ನೋಡಿತು. ಬಹುಮಾನ ವಿತರಣೆಯ ಹೊತ್ತಿಗೆ ಮಳೆ ಬಂತು. ಕ್ಲಬ್ಬಿನ ಕಟ್ಟಡದೊಳಗೆ ಬಿಳಿಯರಲ್ಲದವರಿಗೆ ಪ್ರವೇಶವಿರಲಿಲ್ಲ. ಸೋತವರು ಮಾಡಿನ ಕೆಳಗೆ ಬೆಚ್ಚಗಿದ್ದರು. ಗೆದ್ದವನು ಹೊರಗೆ ಮಳೆಯಲ್ಲಿ ನಿಂತು ಕಪ್ ತೆಗೆದುಕೊಂಡನು. ಆ ಚಿತ್ರ ದೇಶದೇಶಗಳ ಪತ್ರಿಕೆಗಳಲ್ಲಿ ಅಚ್ಚಾಯಿತು. ವರ್ಣಭೇದವನ್ನು ವಿವರಿಸಲು ದೊಡ್ಡ ಭಾಷಣಗಳಿಗೂ ಆಗದಿದ್ದುದು ಆ ಒಂದು ಚಿತ್ರಕ್ಕೆ ಸಾಧ್ಯವಾಯಿತು.

ಆ ಗಳಿಗೆಯಲ್ಲಿ ನನ್ನ ಗಮನ ಹೋಗುವುದು ಪಾಪ್ವಾರಿಗಿಂತ ಹೆಚ್ಚಾಗಿ ಅವರನ್ನು ನೋಡಲು ಬಂದಿದ್ದ ಜನರ ಕಡೆಗೆ. ತಮ್ಮವನು ಗೆದ್ದನೆಂದು ಕುಣಿಯಬೇಕೋ, ಅವನನ್ನು ಹೊರಗೆ ನಿಲ್ಲಿಸಿದರೆಂದು ಕುದಿಯಬೇಕೋ? ಎರಡೂ ಒಂದೇ ನಿಮಿಷದಲ್ಲಿ ಬಂದೆರಗಿದರೆ ಮನುಷ್ಯ ಏನು ಮಾಡಿಯಾನು? ಆಟದ ಅಭಿಮಾನಿಗೆ ಪಂದ್ಯ ಮುಗಿಯುವುದು ಕೊನೆಯ ಹೊಡೆತಕ್ಕೆ. ಆದರೆ ಅಂದಿನ ಭಾರತೀಯ ಅಭಿಮಾನಿಗೆ ಕೊನೆಯ ಹೊಡೆತ ಮುಗಿದ ಬಳಿಕವೇ ನಿಜವಾದ ಪಂದ್ಯ ಆರಂಭವಾಯಿತು. ಚಪ್ಪಾಳೆಗೆ ಮಳೆಯಲ್ಲಿಯೂ ಅಡ್ಡಿಯಿರಲಿಲ್ಲ, ಬಾಗಿಲಿಗೆ ಮಾತ್ರ ಬಣ್ಣ ಗೊತ್ತಿತ್ತು. ನನ್ನ ಸಹೋದ್ಯೋಗಿಯ ಮನೆಯಲ್ಲಿ ಆ ಪತ್ರಿಕೆಯ ತುಣುಕು ದೇವರ ಪಟಗಳ ಪಕ್ಕದಲ್ಲಿ ಬಹಳ ವರ್ಷ ಇತ್ತಂತೆ. ಅದನ್ನು ತೋರಿಸುವಾಗ ಮನೆಯ ಹಿರಿಯರು ಗೆಲುವಿನ ಮಾತಿನಿಂದ ಆರಂಭಿಸಿ ಮಳೆಯ ಮಾತಿಗೆ ಬಂದು ಮೌನವಾಗುತ್ತಿದ್ದರಂತೆ.

ಆ ವರ್ಷವೇ ಜುಲೈನಲ್ಲಿ ಪಾಪ್ವಾ ಇಂಗ್ಲೆಂಡಿನ ರಾಯಲ್ ಲಿಥಮ್‌ನಲ್ಲಿ ನಡೆದ ಓಪನ್ ಚಾಂಪಿಯನ್‌ಷಿಪ್‌ನಲ್ಲಿ ಆಡಿದರು. ಇದು ನಿಜವಾದ ಮೇಜರ್. ನಾಲ್ಕರಲ್ಲಿ ಅತ್ಯಂತ ಹಳೆಯದು. ನ್ಯೂಜಿಲೆಂಡಿನ ಬಾಬ್ ಚಾರ್ಲ್ಸ್ ಅದನ್ನು ಗೆದ್ದು, ಮೇಜರ್ ಗೆದ್ದ ಮೊದಲ ಎಡಗೈ ಆಟಗಾರರೆನಿಸಿದರು. ಜಗತ್ತಿನ ಘಟಾನುಘಟಿಗಳ ನಡುವೆ ತೊಡರುಗೈ ಹಿಡಿತದ ಪಾಪ್ವಾ 13ನೆಯ ಸ್ಥಾನವನ್ನು ಹಂಚಿಕೊಂಡರು. ಆರು ತಿಂಗಳ ಹಿಂದೆ ತನ್ನ ಊರಿನ ಕ್ಲಬ್ಬಿನ ಒಳಗೆ ಕಾಲಿಡಲಾಗದವನು ಇಂಗ್ಲೆಂಡಿನಲ್ಲಿ ಉಳಿದೆಲ್ಲ ಆಟಗಾರರ ಸಾಲಿನಲ್ಲಿ ನಿಂತಿದ್ದನು. ವಿದೇಶವೆಂದರೆ ಅವಮಾನ, ಸ್ವದೇಶವೆಂದರೆ ಮಾನ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಪಾಪ್ವಾರ ಬದುಕಿನಲ್ಲಿ ಅದು ತಲೆಕೆಳಗಾಗಿತ್ತು. ಅವರು ಹುಟ್ಟಿದ ನೆಲವೇ ಅವರನ್ನು ಹೊರಗಿನವನೆಂದಿತು.

1965ರಲ್ಲಿ ಅವರು ನೇಟಾಲ್ ಓಪನ್ ಪಂದ್ಯವನ್ನು ಮತ್ತೊಮ್ಮೆ ಗೆದ್ದರು. ಈ ಬಾರಿ ಹಿಂದಿಕ್ಕಿದ್ದು ಗ್ಯಾರಿ ಪ್ಲೇಯರ್ ಅವರಂಥ ಆಟಗಾರನನ್ನು. ಇದರ ಬೆಲೆ ತಿಳಿಯಬೇಕಾದರೆ ಇನ್ನೊಂದು ಸಂಗತಿ ನೆನೆಯಬೇಕು. ಅದೇ ವರ್ಷ ಜೂನ್ ತಿಂಗಳಲ್ಲಿ ಗ್ಯಾರಿ ಪ್ಲೇಯರ್ ಅಮೆರಿಕದ ಓಪನ್ ಗೆದ್ದು, ನಾಲ್ಕೂ ಮೇಜರುಗಳನ್ನು ಗೆದ್ದ ಜಗತ್ತಿನ ಮೂರನೆಯ ಆಟಗಾರರಾದರು. ಅಂಥವರನ್ನು ಸೋಲಿಸಿದವರಿಗೆ ಸಿಕ್ಕಿದ್ದೇನು? ಸರ್ಕಾರ ಬಿಳಿಯರ ಪಂದ್ಯಗಳಲ್ಲಿ ಆಡಲು ಅನುಮತಿ ನಿರಾಕರಿಸಿತು. ಹೊರದೇಶಕ್ಕೆ ಹೋಗಿ ಆಡೋಣವೆಂದರೆ ಪಾಸ್‌ಪೋರ್ಟನ್ನೂ ಕಿತ್ತುಕೊಂಡಿತು. ಅದೇ ವರ್ಷದ ಸರ್ಕಾರಿ ಘೋಷಣೆಯೊಂದು ಬೇರೆ ಬೇರೆ ಬಣ್ಣದ ಪ್ರೇಕ್ಷಕರು ಅನುಮತಿಯಿಲ್ಲದೆ ಒಂದೇ ಕಡೆ ಸೇರುವುದನ್ನು ನಿಷೇಧಿಸಿತು. ಆಟಗಾರನನ್ನು ತಡೆದರೆ ಸಾಲದು, ಅವನನ್ನು ನೋಡಿ ಹಿಗ್ಗುವ ಕಣ್ಣುಗಳನ್ನೂ ತಡೆಯಬೇಕೆಂದು ಆಳುವವರು ಅರಿತಿದ್ದರು. ಪಂದ್ಯ ನೋಡಲು ಪ್ರೇಕ್ಷಕನಾಗಿ ಹೋಗುವುದೂ ಪಾಪ್ವಾರಿಗೆ ನಿಷಿದ್ಧವಾಯಿತು. ಮೂವತ್ತೈದರ ಪ್ರಾಯದಲ್ಲಿ, ತೋಳಿನಲ್ಲಿ ಇನ್ನೂ ಶಕ್ತಿಯಿರುವಾಗ, ಅವರ ಆಟದ ಬದುಕು ಹೀಗೆ ನಿಂತುಹೋಯಿತು. 1978ರಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ ಐವತ್ತರ ಆಸುಪಾಸು.

ಇಲ್ಲಿ ಬಹರೇನಿನ ಒಂದು ಸಣ್ಣ ಲೆಕ್ಕ ನೆನಪಾಗುತ್ತದೆ. ಪಾಪ್ವಾ ಮೊದಲ ಡಚ್ ಓಪನ್ ಗೆದ್ದ 1959ರಲ್ಲಿ ಭಾರತದ ರಿಸರ್ವ್ ಬ್ಯಾಂಕು ಕೊಲ್ಲಿ ನಾಡುಗಳಿಗೆಂದೇ ಪ್ರತ್ಯೇಕವಾದ ರೂಪಾಯಿ ನೋಟು ಹೊರತಂದಿತು. ಬಹರೇನಿನಲ್ಲಿ ಆಗ ನಡೆಯುತ್ತಿದ್ದುದು ನಮ್ಮ ರೂಪಾಯಿಯೇ. ಅವರು ಕೊನೆಯ ದೊಡ್ಡ ಗೆಲುವು ಕಂಡ 1965ರಲ್ಲಿ ಹತ್ತು ರೂಪಾಯಿಗೆ ಒಂದರಂತೆ ಬಹರೇನಿ ದಿನಾರ್ ಬಂತು. ಅಂದಿನಿಂದ ಇಂದಿನವರೆಗೆ ನಮ್ಮವರು ಇಲ್ಲಿಗೆ ಬರುವುದು ಆ ದಿನಾರಿಗಾಗಿ. ಇಲ್ಲಿ ನಾವು ಜೀತಗಾರರಲ್ಲ, ಕರಾರಿನ ಮೇಲೆ ಬಂದು ಕರಾರು ಮುಗಿದರೆ ಹಿಂದಿರುಗುವ ನೌಕರರು. ಕನ್ನಡ ಸಂಘವಿದೆ, ಯಕ್ಷಗಾನವಿದೆ, ರಾಜ್ಯೋತ್ಸವವಿದೆ. ಮನಾಮದ ಹಳೆಯ ಪೇಟೆಯಲ್ಲಿ ಸಿಂಧಿ ವರ್ತಕರು ಕಟ್ಟಿಸಿದ ಶ್ರೀಕೃಷ್ಣ ದೇವಾಲಯದಲ್ಲಿ ಗಂಟೆ ಕೇಳಿಸುತ್ತದೆ. ಅಂದಿನ ಡರ್ಬನ್ನಿಗೂ ಇಂದಿನ ಬಹರೇನಿಗೂ ಸಾಮ್ಯ ಹುಡುಕುವುದು ಅನ್ಯಾಯವಾದೀತು. ಹಾಗಿದ್ದರೂ ಪಾಪ್ವಾರ ಕಥೆಯಿಂದ ಹೊರನಾಡಿನಲ್ಲಿ ಬಾಳುವ ಪ್ರತಿಯೊಬ್ಬನೂ ಕಲಿಯುವುದೊಂದಿದೆ. ದುಡಿಮೆಗೆ ಸಿಗುವ ಮೆಚ್ಚುಗೆ ಒಂದು. ಮನುಷ್ಯನಾಗಿ ಒಳಗೆ ಸೇರಿಸಿಕೊಳ್ಳುವುದು ಇನ್ನೊಂದು. ಮೊದಲನೆಯದು ಸಿಕ್ಕಿತೆಂದರೆ ಎರಡನೆಯದೂ ತಾನಾಗಿ ಸಿಕ್ಕಿತೆಂದು ಭಾವಿಸಬಾರದು.

ಹೊರಡಲಿರುವ ಕಿರಿಯರು ನನಗೆ ಕೇಳುವುದು ಸಂಬಳವೆಷ್ಟು, ಬಾಡಿಗೆಯೆಷ್ಟು, ಊರಿಗೆ ಎಷ್ಟು ಉಳಿಸಿ ಕಳುಹಿಸಬಹುದು ಎಂದು. ಕೇಳಬೇಕಾದ ಪ್ರಶ್ನೆಗಳೇ ಅವು. ಅವುಗಳೊಂದಿಗೆ ಇನ್ನೂ ಕೆಲವನ್ನು ಸೇರಿಸಿಕೊಳ್ಳಿ. ಕರಾರಿನ ಪತ್ರ ನಿಮಗೆ ತಿಳಿಯುವ ಭಾಷೆಯಲ್ಲಿ ಇದೆಯೇ? ಓದಿ ಅರ್ಥಮಾಡಿಕೊಂಡೇ ಸಹಿ ಹಾಕುತ್ತಿದ್ದೀರಾ? ಪಾಸ್‌ಪೋರ್ಟ್ ನಿಮ್ಮ ಕೈಯಲ್ಲಿಯೇ ಇರುತ್ತದೆಯೇ? ಕೆಲಸ ಬಿಡುವ, ಬದಲಿಸುವ ನಿಯಮವೇನು? ಊಟದ ಮನೆ, ವಾಸದ ಮನೆ, ರಜೆಯ ದಿನ, ಇವುಗಳಲ್ಲಿ ನಿಮ್ಮನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದನ್ನು ಅಲ್ಲಿ ಈಗಾಗಲೇ ದುಡಿಯುತ್ತಿರುವವರಿಂದ ತಿಳಿದುಕೊಂಡಿದ್ದೀರಾ? ಪಾಪ್ವಾರಿಗೆ ಓದು ಬರುತ್ತಿರಲಿಲ್ಲ, ಆಯ್ಕೆಯೂ ಇರಲಿಲ್ಲ. ನಿಮಗೆ ಎರಡೂ ಇವೆ. ಊರಿನಲ್ಲಿರುವ ಬಂಧುಗಳಿಗೂ ಒಂದು ವಿನಂತಿ. ಮಗ ಫೋನಿನಲ್ಲಿ ಬಡ್ತಿ ಸಿಕ್ಕಿತೆಂದಾಗ ಸಂತೋಷಪಡಿ. ಹಾಗೆಯೇ ಊಟಕ್ಕೆ ಯಾರ ಜೊತೆ ಕುಳಿತೆ, ಹಬ್ಬಕ್ಕೆ ಯಾರು ಕರೆದರು ಎಂದೂ ಕೇಳಿ. ಬಹುಮಾನದ ಮಾತು ಹೇಳುವವರು ಮಳೆಯ ಮಾತನ್ನು ಎಷ್ಟೋ ಬಾರಿ ನುಂಗಿಕೊಂಡಿರುತ್ತಾರೆ.

ಇನ್ನೊಂದು ಕಡೆಯಿಂದಲೂ ಈ ಕಥೆಯನ್ನು ನೋಡಬೇಕು. ಬಾಗಿಲು ತೆರೆಯಲಿಲ್ಲವೆಂದ ಮಾತ್ರಕ್ಕೆ ಚಪ್ಪಾಳೆ ವ್ಯರ್ಥವಾಗಲಿಲ್ಲ. ಮಳೆಯ ಆ ಚಿತ್ರ ಹೊರಬಿದ್ದ ಮರುವರ್ಷ, ವರ್ಣಭೇದದ ಕಾರಣಕ್ಕೆ ದಕ್ಷಿಣ ಆಫ್ರಿಕವನ್ನು ಟೋಕಿಯೊ ಒಲಿಂಪಿಕ್ಸ್‌ನಿಂದ ದೂರವಿಡಲಾಯಿತು. ಅದು ಒಂದೇ ಚಿತ್ರದಿಂದ ಆದದ್ದಲ್ಲ; ಹಲವರ ಹೋರಾಟಕ್ಕೆ ಆ ಚಿತ್ರವೂ ಬಲ ಕೂಡಿಸಿತು. 1974ರಲ್ಲಿ ನಮ್ಮ ಭಾರತ ತಂಡ ಡೇವಿಸ್ ಕಪ್ ಟೆನಿಸ್ಸಿನ ಫೈನಲ್ ತಲುಪಿಯೂ ಎದುರಾಳಿ ದಕ್ಷಿಣ ಆಫ್ರಿಕವೆಂಬ ಕಾರಣಕ್ಕೆ ಆಡದೆ ಕಪ್ ಬಿಟ್ಟುಕೊಟ್ಟಿತು. ಗ್ರೂಪ್ ಏರಿಯಾಸ್ ಕಾಯ್ದೆ ರದ್ದಾದದ್ದು 1991ರಲ್ಲಿ. ಅದೇ ವರ್ಷ ನವೆಂಬರಿನಲ್ಲಿ ದಕ್ಷಿಣ ಆಫ್ರಿಕದ ಕ್ರಿಕೆಟ್ ತಂಡ ಜಗತ್ತಿನ ಅಂಗಳಕ್ಕೆ ಮರಳಿತು. ಅದಕ್ಕೆ ಮೊದಲ ಸ್ವಾಗತ ಸಿಕ್ಕಿದ್ದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ. ಆ ದಿನ ನೋಡಲು ಪಾಪ್ವಾ ಇರಲಿಲ್ಲ.

ಇಂದು ಡರ್ಬನ್ನಿನ ರಿಸರ್ವಾಯರ್ ಹಿಲ್ಸ್ ಬಡಾವಣೆಯಲ್ಲಿ ಅವರ ಹೆಸರಿನ ಸಾರ್ವಜನಿಕ ಗಾಲ್ಫ್ ಬಯಲೊಂದಿದೆ. ಯಾವ ಬಣ್ಣದವರೂ ಶುಲ್ಕ ಕೊಟ್ಟು ಅಲ್ಲಿ ಆಡಬಹುದು. ಮಳೆ ಬಂದರೆ ಯಾರು ಬೇಕಾದರೂ ಒಳಗೆ ಓಡಿಹೋಗಿ ನಿಲ್ಲಬಹುದು.